ಲೆಕ್ಕದ ಪುಸ್ತಕದೊಳಗೆ ಕನ್ನಂಬಾಡಿ ಕಟ್ಟೆ

ಬೆಳಗಿನ ಐದೂವರೆ. ಬೋಗಾದಿಯ ಒಳರಸ್ತೆಯೊಂದರಲ್ಲಿ ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಎದುರಿನ ಅರ್ಧ ಕಟ್ಟಿದ ಮನೆಯ ಗೋಡೆಗೆ ವಾಚ್‌ಮನ್ ಪೈಪು ಹಿಡಿದು ನೀರು ಹಾಯಿಸುತ್ತಿದ್ದಾನೆ. ಈಚೆ ಬದಿ, ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ, ಅಡುಗೆಮನೆ ಬಾಗಿಲಿಗೆ ಒತ್ತಿಕೊಂಡಿರುವ ಮೇಜಿನ ಮುಂದೆ ಸಂಘಮಿತ್ರ ಕೂತಿದ್ದಾರೆ. ತಲೆಗೆ ಎಣ್ಣೆ ಹಚ್ಚಿ ಗಂಟು ಕಟ್ಟಿದ್ದಾರೆ. ಹೆಗಲ ಮೇಲೊಂದು ಹಳೆ ಟವೆಲ್ಲು. ಪರದೆಯ ಮೇಲೆ ದೂರದ ಯಾವುದೋ ದೇಶದ, ಮುಖ ಕಂಡಿರದ ಒಬ್ಬ ವಿದ್ಯಾರ್ಥಿಯ ಪ್ರಶ್ನೆ ಇದೆ. ಪಾಪ, ಎರಡು ದಿನ ತಲೆ ಕೆರೆದುಕೊಂಡು ಕೊನೆಗೆ ಸಿಟ್ಟಿನಲ್ಲೇ ಬರೆದಿದ್ದಾನೆ.

"ಎಲ್ಲಾ ಸರಿಯಾಗೇ ಬರ್ದಿದ್ದಾನೆ ಮೇಡಂ. ಒಂದು ಸಾಲು ಮಾತ್ರ ಕೆಳಗೆ ಹಾಕ್ಬುಟ್ಟಿದ್ದಾನೆ, ಅದು ಎಲ್ಲಕ್ಕಿಂತ ಮೇಲಿರ್ಬೇಕು," ಎಂದು ಸಂಘಮಿತ್ರ ನನ್ನ ಕಡೆ ತಿರುಗಿ ಹೇಳುತ್ತಾರೆ. "ಮದುವೆ ಮನೆ ಬಾಗ್ಲಲ್ಲಿ ನಿಂತ್ಕೊಳೋರು ನೆಂಟ್ರಿಗಿಂತ ಮುಂಚೆ ಬರ್ಬೇಕಲ್ವಾ? ಎಲ್ರೂ ಒಳಗ್ ಹೋದ್ಮೇಲೆ ಬಂದು ನಿಂತ್ರೆ ಏನುಪಯೋಗ?"

ಉತ್ತರ ನಾಲ್ಕು ಸಾಲು. ಗದರಿಕೆ ಇಲ್ಲ, ಉಪದೇಶ ಇಲ್ಲ. ಅದನ್ನು ಕಳಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ದಿನವೂ ಬೆಳಿಗ್ಗೆ ಏಳೆಂಟು ಪ್ರಶ್ನೆಗಳಾದರೂ ಇರುತ್ತವೆ, ಸೋಮವಾರ ಇನ್ನಷ್ಟು. ಸಂಬಳದ ಕೆಲಸ ಶುರುವಾಗುವುದು ಒಂಬತ್ತೂವರೆಗೆ. ಇದು ಅದಕ್ಕೆ ಮುಂಚಿನದು, ಬಿಟ್ಟಿ ಕೆಲಸ. ಜಗತ್ತಿನ ಯಾರು ಬೇಕಾದರೂ ಬಳಸಬಹುದಾದ ಒಂದು ಮುಕ್ತ ತಂತ್ರಾಂಶದಲ್ಲಿ ಇವರು ನೋಡಿಕೊಳ್ಳುವ ಭಾಗ ಅಂಗೈಯಷ್ಟು. ಅದಕ್ಕೆ ಪ್ರಶಸ್ತಿ ಇಲ್ಲ, ಸನ್ಮಾನ ಇಲ್ಲ. ಶಾಲು ಹೊದಿಸಿಕೊಳ್ಳದವರು ನಮ್ಮೂರಿನಲ್ಲಿ ಹುಡುಕಿದರೂ ಸಿಗದ ಈ ಕಾಲದಲ್ಲಿ ಇವರು ಹೇಗೆ ತಪ್ಪಿಸಿಕೊಂಡರೋ ಗೊತ್ತಿಲ್ಲ.

ಈ ಅಂಗೈಯಷ್ಟು ಕೆಲಸ ಏನೆಂದು ಓದುಗರಿಗೆ ಹೇಳುವ ಹೊಣೆ ಈಗ ನನ್ನ ತಲೆಗೆ ಬಂದಿದೆ. ಕಂಪ್ಯೂಟರ್ ಕೆಟ್ಟರೆ ಆಫ್ ಮಾಡಿ ಆನ್ ಮಾಡುವುದರಾಚೆಗೆ ನನಗೇನೂ ಬಾರದು. ಆದರೂ ಮೂರು ಲೋಟ ಕಾಫಿ ಖರ್ಚಾಗುವಷ್ಟು ಹೊತ್ತು ಕೇಳಿಸಿಕೊಂಡು ಅರ್ಥ ಮಾಡಿಕೊಂಡದ್ದು ಇಷ್ಟು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದೆಯೆಂದು ತಂತ್ರಾಂಶವನ್ನು ನಂಬಿಸುವ ವಿದ್ಯೆಯೊಂದಿದೆ. ಅದನ್ನು ವರ್ಚುವಲ್ ಮಷೀನ್ ಅನ್ನುತ್ತಾರೆ. ಹೊಸ ಯಂತ್ರದಲ್ಲಿ ಕಾಲಿಡಲೊಪ್ಪದ ಹಳೆ ತಂತ್ರಾಂಶ ಅದರೊಳಗೆ ತಾನು ತನ್ನ ಹಳೆ ಮನೆಯಲ್ಲೇ ಇದ್ದೇನೆ ಅಂದುಕೊಂಡು ಹಾಯಾಗಿ ಕೆಲಸ ಮಾಡುತ್ತದೆ. ಅದರ ಕೈಗೆ ನಿಜವಾದ ಒಂದು ಸಾಧನ ಕೊಟ್ಟಾಗ ತೊಂದರೆ ಶುರುವಾಗುತ್ತದೆ. ಪ್ರಿಂಟರು ನಡೆಸುವ ಕಾರ್ಡು ಅಂತಿಟ್ಟುಕೊಳ್ಳಿ. ಮೆಮೊರಿಯ ಇಂಥ ವಿಳಾಸದಿಂದ ಪುಟ ಎತ್ತಿಕೋ ಅಂದರೆ ಆ ಕಾರ್ಡು ಯಾರ ಅಪ್ಪಣೆಯನ್ನೂ ಕೇಳದೆ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಆದರೆ ಒಳಗಿನ ಯಂತ್ರ ಹೇಳುವ ವಿಳಾಸ ಒಂದು, ಹೊರಗೆ ಪುಟ ನಿಜವಾಗಿ ಇರುವ ವಿಳಾಸ ಇನ್ನೊಂದು. ನಡುವೆ ವಿಳಾಸ ಬದಲಿಸಿ ಹೇಳುವ ಅನುವಾದಕನೊಬ್ಬ ಬೇಕು. ಆ ಅನುವಾದಕನನ್ನು ಸರಿಯಾದ ಜಾಗದಲ್ಲಿ ಕೂರಿಸಿ, ಹೇಗೆ ನಡೆದುಕೊಳ್ಳಬೇಕೆಂದು ಗೊತ್ತುಮಾಡುವುದು ಸಂಘಮಿತ್ರ ಅವರ ಕೆಲಸ.

"ನಮ್ ಬೀದಿ ನೋಡಿ ಮೇಡಂ. ಸೈಟ್ ನಂಬರ್ ಒಂದು, ಬಾಗ್ಲು ಮೇಲಿರೋ ನಂಬರ್ ಇನ್ನೊಂದು. ಕೊರಿಯರ್‌ನೋರು ಬಂದು ಕೆಳಗಿನ ಅಂಗಡೀಲಿ ಕೇಳ್ತಾರೆ, ಅಂಗ್ಡಿಯೋರು ಇದೇ ಮನೆ ಅಂತ ತೋರಿಸ್ತಾರೆ. ಆ ಅಂಗ್ಡಿ ಇಲ್ದಿದ್ರೆ ನನ್ ಪಾರ್ಸೆಲ್ಲು ಯಾರ ಮನೇಲೋ ಇರ್ತಿತ್ತು," ಎಂದು ನಗುತ್ತಾರೆ.

ಅವರ ತಾಯಿ ಚಿಕ್ಕಮಾದಮ್ಮ ಇದನ್ನೇ ಇನ್ನೂ ಸುಲಭ ಮಾಡಿಕೊಂಡಿದ್ದಾರೆ. "ಮಗ್ಳು ಏನ್ ಕೆಲ್ಸ ಅಂತ ಅಕ್ಕಪಕ್ಕದೋರು ಕೇಳ್ತಾರೆ ಕಣವ್ವ. ಕಂಪ್ಯೂಟ್ರೊಳಗೆ ಮನೆ ನಂಬ್ರ ಬರೀತಾಳೆ ಅಂತೀನಿ. ಸರ್ಕಾರಿ ಕೆಲ್ಸಾನಾ ಅಂತಾರೆ. ಊಂ ಅಂದ್ಬುಡ್ತೀನಿ." ಇಷ್ಟು ಹೇಳಿ, ನನ್ನ ಲೋಟಕ್ಕೆ ಕೇಳದೆಯೇ ಇನ್ನೊಂದು ಚಮಚ ಸಕ್ಕರೆ ಹಾಕುತ್ತಾರೆ.

ಚಿಕ್ಕಮಾದಮ್ಮ ಕೊಳ್ಳೇಗಾಲದ ಕಡೆಯವರು. ಗಂಡ ಸಿದ್ದಪ್ಪಾಜಿ ಗಾರೆ ಕೆಲಸ ಹುಡುಕಿಕೊಂಡು ಮೈಸೂರಿಗೆ ಬಂದವರು. ಅವರು ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಮಗಳು ಹುಟ್ಟಿದಳು, ಹಾಗಾಗಿ ಆ ಹೆಸರು. ಸಂಘಮಿತ್ರ ಏಳನೇ ಕ್ಲಾಸಿನಲ್ಲಿದ್ದಾಗ ಸಿದ್ದಪ್ಪಾಜಿ ಸಾರ್ವೆ ಮೇಲಿಂದ ಬಿದ್ದು ತೀರಿಕೊಂಡರು. ಆಮೇಲೆ ಚಿಕ್ಕಮಾದಮ್ಮ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಡುಗೆಗೆ ಸೇರಿದರು. ನೂರಾರು ಮಕ್ಕಳಿಗೆ ಮುದ್ದೆ ತೊಳಸಿದ ತೋಳು ಅದು, ಈಗಲೂ ಗಟ್ಟಿಯಾಗಿದೆ. ಮಗಳು ಹೋಂವರ್ಕ್ ಮಾಡಿದ್ದು ಆ ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಮೂಟೆಗೆ ಒರಗಿಕೊಂಡು.

ಪಾಲಿಟೆಕ್ನಿಕ್ ಮುಗಿಸಿ ಸಂಘಮಿತ್ರ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿಗೆ ಸೇರಿದರು. ಇದ್ದ ಕಂಪ್ಯೂಟರುಗಳು ಕಮ್ಮಿ, ಹುಡುಗರು ಜಾಸ್ತಿ. ಒಂದೇ ಯಂತ್ರದೊಳಗೆ ನಾಲ್ಕು ಯಂತ್ರ ಮಾಡುವುದು ಹೇಗೆಂದು ಅಲ್ಲಿ ತಾವಾಗಿಯೇ ಕಲಿಯತೊಡಗಿದರು. ಒಂದು ಸಲ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಏನು ಮಾಡಿದರೂ ಯಂತ್ರ ಏಳಲೇ ಇಲ್ಲ. ತಮ್ಮ ಹರುಕು ಇಂಗ್ಲಿಷಿನಲ್ಲಿ ಆ ಮುಕ್ತ ತಂತ್ರಾಂಶದವರ ಚರ್ಚಾ ವೇದಿಕೆಗೆ ಒಂದು ಪ್ರಶ್ನೆ ಹಾಕಿದರು. ಯಾರೋ ಒಬ್ಬರು ತಾಳ್ಮೆಯಿಂದ, ಒಂದೊಂದೇ ಹೆಜ್ಜೆ ಹೇಳಿಕೊಟ್ಟರಂತೆ.

"ಅವ್ರು ಗಂಡ್ಸೋ ಹೆಂಗ್ಸೋ ಅನ್ನೋದೂ ಗೊತ್ತಿಲ್ಲ ಮೇಡಂ. ನನ್ ಇಂಗ್ಲಿಷ್ ನೋಡಿ ನಗ್ಲಿಲ್ಲ. ಅವತ್ತು ಅವ್ರು ಹೇಳ್ಕೊಡ್ದೇ ಇದ್ದಿದ್ರೆ ನಾನು ಇವತ್ತು ಎಲ್ಲಿರ್ತಿದ್ದೆ?" ಎನ್ನುತ್ತಾರೆ. ಬೆಳಗಿನ ಬಿಟ್ಟಿ ಕೆಲಸ ಶುರುವಾದದ್ದು ಹೀಗೆ. ಈಗ ಅವರಿಗೆ ಮನೆಯಿಂದಲೇ ಮಾಡುವ ಸಂಬಳದ ಕೆಲಸವಿದೆ. ಕಾರ್ಖಾನೆಗಳ ಹಳೆ ಯಂತ್ರಗಳನ್ನು ಹೊಸ ಕಂಪ್ಯೂಟರುಗಳಿಗೆ ಒಗ್ಗಿಸುವ ಸಣ್ಣ ಕಂಪನಿ ಅದು. ಅಷ್ಟಾದರೂ ಬೆಳಿಗ್ಗೆ ಐದಕ್ಕೆ ಏಳುವುದು ತಪ್ಪಿಲ್ಲ.

ಇಷ್ಟೇ ಆಗಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ, ಏಕೆಂದರೆ ಸಂಘಮಿತ್ರ ಎಂಬ ಹೆಸರು ನನ್ನ ಕಿವಿಗೇ ಬೀಳುತ್ತಿರಲಿಲ್ಲ. ಹೆಸರು ಹೇಳಿದವರು ಗಿರಿಜಾಂಬಾ, ನಿವೃತ್ತ ಮುಖ್ಯೋಪಾಧ್ಯಾಯಿನಿ. ದಟ್ಟಗಳ್ಳಿಯಲ್ಲಿ ತಮ್ಮ ಮನೆಯ ನೆಲಮಹಡಿಯನ್ನು ಬಿಟ್ಟುಕೊಟ್ಟು ಒಂದು ಬ್ರೈಲ್ ಮುದ್ರಣ ಕೇಂದ್ರ ನಡೆಸುತ್ತಿದ್ದಾರೆ. ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವ ಪುಸ್ತಕಗಳು ಅಲ್ಲಿ ತಯಾರಾಗುತ್ತವೆ. ದಪ್ಪ ಕಾಗದಕ್ಕೆ ಚುಕ್ಕಿ ಒತ್ತುವ ಯಂತ್ರ ತಂಗಾಳಿಗೆ ಕಿಟಕಿ ತೆಗೆದರೆ ಮುಂದಿನ ತಿರುವಿನವರೆಗೂ ಕೇಳುವಷ್ಟು ಸದ್ದು ಮಾಡುತ್ತದೆ. ಬೀದಿಯವರು ಒಬ್ಬರೂ ಇದುವರೆಗೆ ದೂರಿಲ್ಲ, ಅವರಿಗೂ ಒಂದು ನಮಸ್ಕಾರ ಸಲ್ಲಬೇಕು.

ಕಳೆದ ಜನವರಿಯಲ್ಲಿ ಆ ಯಂತ್ರ ನಡೆಸುತ್ತಿದ್ದ ಕಂಪ್ಯೂಟರ್ ಕೈಕೊಟ್ಟಿತು. ಚುಕ್ಕಿ ಒತ್ತುವ ಯಂತ್ರ ಗಟ್ಟಿಮುಟ್ಟಾಗಿತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡೂ ಚೆನ್ನಾಗಿತ್ತು. ಆದರೆ ಆ ಕಾರ್ಡಿನ ತಂತ್ರಾಂಶ ಓಬೀರಾಯನ ಕಾಲದ್ದು, ಹೊಸ ಕಂಪ್ಯೂಟರಿನಲ್ಲಿ ಏಳಲೊಲ್ಲದು. ಮಾಡಿದ ಕಂಪನಿ ಬಾಗಿಲು ಮುಚ್ಚಿ ವರ್ಷಗಳಾಗಿವೆ. ಉದಯಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಭಿಲಾಷ್ ಎರಡು ದಿನ ಹೆಣಗಾಡಿ ಕೈಚೆಲ್ಲಿದರು. "ನನ್ ಕೈಲಾಗಲ್ಲ ಮೇಡಂ, ಬೋಗಾದೀಲಿ ಒಬ್ರಿದಾರೆ, ಅವ್ರಿಗೇ ಇದು ಆಗೋದು" ಅಂತ ಹೇಳಿ ಸಂಘಮಿತ್ರ ಅವರ ನಂಬರು ಕೊಟ್ಟರು. ತನಗೆ ಬಾರದ್ದನ್ನು ಬಾರದು ಎಂದು ಹೇಳಿ ಬಲ್ಲವರ ಮನೆ ತೋರಿಸಿದ ಅಭಿಲಾಷ್‌ಗೂ ಈ ಕಥೆಯಲ್ಲಿ ಪಾಲಿದೆ.

ಆಗ ಕೇಂದ್ರದಲ್ಲಿ ಎರಡು ಪುಸ್ತಕಗಳ ಕೆಲಸ ಬಾಕಿ ಇತ್ತು. ಸಮಾಜ ವಿಜ್ಞಾನದ್ದು ಒಂದು. ಇನ್ನೊಂದು, ಮಾರ್ಚಿನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಗಿರಿಜಾಂಬಾ ಮತ್ತು ಸ್ನೇಹಿತರು ಸೇರಿ ಮಾಡಿದ್ದ ಮಾದರಿ ಲೆಕ್ಕಗಳ ಪುಸ್ತಕ. ಕಣ್ಣು ಕಾಣದ ಮಕ್ಕಳಿಗೆ ಲೆಕ್ಕ ಯಾಕೆ, ಬೇರೆ ವಿಷಯ ತಗೊಂಡರೆ ಸಲೀಸು ಅಂತ ಬುದ್ಧಿ ಹೇಳುವವರಿಗೇನು ಬರವಿಲ್ಲ. ಆ ಬುದ್ಧಿವಾದ ಕೇಳದೆ ಲೆಕ್ಕವನ್ನೇ ಹಿಡಿದ ಮಕ್ಕಳು ಮೈಸೂರಿನಲ್ಲೂ ಸುತ್ತಮುತ್ತಲೂ ಸೇರಿ ಹತ್ತು ಹನ್ನೆರಡು ಜನ ಇದ್ದರು. ಹುಣಸೂರು ಕಡೆಯಿಂದ ಬಂದು ಇಲ್ಲಿನ ಹಾಸ್ಟೆಲ್ಲಿನಲ್ಲಿರುವ ಪ್ರೀತಿ ಅವರಲ್ಲಿ ಒಬ್ಬಳು. "ಲೆಕ್ಕ ಬಿಟ್ರೆ ಮುಂದೆ ಕಾಮರ್ಸ್ ಕಷ್ಟ ಆಗತ್ತೆ ಅಂದ್ಲು. ನಾನು ಬ್ಯಾಂಕಲ್ಲೇ ಕೂರ್ಬೇಕು ಮಿಸ್ ಅಂದ್ಲು. ಅವಳಿಗೆ ಓದಿಸ್ತೀನಿ ಅಂತ ಮಾತು ಕೊಟ್ಟವಳು ನಾನು," ಎನ್ನುತ್ತಾರೆ ಗಿರಿಜಾಂಬಾ. ಅಂಗಡಿಯಲ್ಲಿ ಸಿಗುವ ಗೈಡುಗಳು ಆ ಮಕ್ಕಳ ಪಾಲಿಗೆ ಬಿಳಿ ಹಾಳೆ. ಅವರ ಕೈಗೆ ಎಟುಕುವಂಥದ್ದು ಈ ಒಂದು ಪುಸ್ತಕ.

ಸಂಘಮಿತ್ರ ಒಂದು ಭಾನುವಾರ ಬಂದರು. ಹೊಸ ಕಂಪ್ಯೂಟರಿನೊಳಗೆ ಹಳೆ ಕಂಪ್ಯೂಟರನ್ನು ಎಬ್ಬಿಸಿ, ಕಾರ್ಡನ್ನು ಅದರ ವಶಕ್ಕೆ ಕೊಟ್ಟು, ನಡುವೆ ವಿಳಾಸದ ಅನುವಾದಕನನ್ನು ಕೂರಿಸಿದರು. ಮೊದಲ ಹಾಳೆ ಟಕಟಕ ಎಂದು ಹೊರಬಿದ್ದಾಗ ಗಿರಿಜಾಂಬಾ ಕಣ್ಣೊರೆಸಿಕೊಂಡರಂತೆ. ಬೆಳಿಗ್ಗೆ ಸಮಾಜ ವಿಜ್ಞಾನ, ಮಧ್ಯಾಹ್ನ ಲೆಕ್ಕ ಎಂದು ಪಾಳಿ ಹಾಕಿ ಕೆಲಸ ಶುರುವಾಯಿತು.

ಒಂದೇ ಕೊರತೆ. ಯಂತ್ರ ನಾಲ್ಕು ಸಾಲು ಒತ್ತಿ ನಿಲ್ಲುತ್ತಿತ್ತು, ಉಸಿರು ತೆಗೆದುಕೊಂಡು ಮತ್ತೆ ಒತ್ತುತ್ತಿತ್ತು. ಈ ವೇಗದಲ್ಲಿ ಹೋದರೆ ಪುಸ್ತಕ ಮುಗಿಯುವ ಹೊತ್ತಿಗೆ ಪರೀಕ್ಷೆಯೂ ಮುಗಿದಿರುತ್ತದೆ. "ನಾನೇ ಕೇಳಿದ್ದು, ಇದು ಸ್ವಲ್ಪ ಬೇಗ ಆಗಲ್ವೇನಮ್ಮಾ ಅಂತ," ಎಂದು ಗಿರಿಜಾಂಬಾ ನೆನೆಯುತ್ತಾರೆ. ಸಂಘಮಿತ್ರ ಮನೆಯಿಂದಲೇ ನೋಡಿ ಒಂದು ಕಟ್ಟಳೆ ಸಡಿಲಿಸಿದರು. ಯಂತ್ರ ಓಡತೊಡಗಿತು. ಕೇಂದ್ರದವರು ಅಂದು ಮೈಸೂರು ಪಾಕು ತರಿಸಿ ಹಂಚಿದರು.

ಸಡಿಲಿಸಿದ ಆ ಕಟ್ಟಳೆ ಇಂಥದ್ದು. ಒಂದು ಪುಟ ಒತ್ತಿಯಾದ ಮೇಲೆ ಅದರ ವಿಳಾಸವನ್ನು ಅನುವಾದಕ ರದ್ದು ಮಾಡಬೇಕು. ಒಂದೊಂದನ್ನೂ ಆಗಿಂದಾಗಲೇ ಅಳಿಸಬಹುದು, ಅದು ಭದ್ರ. ಒಂದಷ್ಟು ಸೇರಲಿ ಎಂದು ಬಿಟ್ಟು ಒಟ್ಟಿಗೇ ಅಳಿಸಬಹುದು, ಅದು ಬೇಗ. ಈಗಿನ ಕಾರ್ಡುಗಳಿಗೆ ಎರಡೂ ನಡೆಯುತ್ತದೆ, ಸಂಘಮಿತ್ರ ಎರಡನೆಯದನ್ನು ಎಷ್ಟೋ ಕಡೆ ಬಳಸಿದ್ದಾರೆ. ಆದರೆ ಬ್ರೈಲ್ ಯಂತ್ರದ ಆ ಮುದಿ ಕಾರ್ಡಿಗೆ ಒಂದು ದುರಭ್ಯಾಸವಿತ್ತು. ಮುಗಿದುಹೋದ ವಿಳಾಸಕ್ಕೇ ಆಗಾಗ ಇನ್ನೊಂದು ಸಲ ಕೈಹಾಕುತ್ತಿತ್ತು. ಮೊದಲು ಅನುವಾದಕ "ಆ ವಿಳಾಸ ಈಗಿಲ್ಲ, ನಡಿ" ಎಂದು ವಾಪಸು ಕಳಿಸುತ್ತಿದ್ದ, ಯಂತ್ರ ತಡವರಿಸುತ್ತಿದ್ದದ್ದು ಅದಕ್ಕೆ. ಕಟ್ಟಳೆ ಸಡಿಲವಾದ ಮೇಲೆ ಹಳೆ ವಿಳಾಸ ಇನ್ನೂ ಬಾಗಿಲು ತೆರೆದುಕೊಂಡೇ ಇರುತ್ತಿತ್ತು. ಒಳಗೆ ಏನು ಬಿದ್ದಿತ್ತೋ ಅದನ್ನೇ ಕಾರ್ಡು ಎತ್ತಿಕೊಂಡು ಬಂದು ಒತ್ತುತ್ತಿತ್ತು.

ಇದು ಯಾರ ಕಣ್ಣಿಗೂ ಬೀಳಲಿಲ್ಲ, ಬೀಳುವುದು ಹೇಗೆ? ಕಣ್ಣಿದ್ದವರಿಗೆ ಆ ಹಾಳೆಯಲ್ಲಿ ಕಾಣುವುದು ಬರೀ ಚುಕ್ಕಿ. ಸರಿಯಾದ ಚುಕ್ಕಿಯೂ ಚುಕ್ಕಿಯೇ, ತಪ್ಪು ಚುಕ್ಕಿಯೂ ಚುಕ್ಕಿಯೇ. ಸಂಘಮಿತ್ರ ಅವರಿಗೆ ಬ್ರೈಲ್ ಬಾರದು. ಕೇಂದ್ರದಲ್ಲಿ ಪ್ರತಿ ಪುಸ್ತಕದ ಮೊದಲ ಪ್ರತಿಯನ್ನು ಬೆರಳಿನಲ್ಲಿ ಓದಿ ಒಪ್ಪಿಗೆ ಕೊಡುವವರು ದೊರೆಸ್ವಾಮಿ. ಹುಟ್ಟಿನಿಂದ ದೃಷ್ಟಿ ಇಲ್ಲದವರು, ಅಂಧ ಮಕ್ಕಳಿಗೆ ಜೀವಮಾನವಿಡೀ ಪಾಠ ಹೇಳಿ ನಿವೃತ್ತರಾದವರು. ಅವರು ಮೊದಲ ಪ್ರತಿ ಓದಿದ್ದು ಯಂತ್ರ ಇನ್ನೂ ತಡವರಿಸುತ್ತಿದ್ದ ಕಾಲದಲ್ಲಿ, ಹಾಗಾಗಿ ಅದರಲ್ಲಿ ಒಂದು ಚುಕ್ಕಿಯೂ ತಪ್ಪಿರಲಿಲ್ಲ. ಒಪ್ಪಿಗೆ ಸಿಕ್ಕಿತು, ಉಳಿದ ಪ್ರತಿಗಳು ದಡಬಡ ಹೊರಬಂದವು, ಬೈಂಡಾದವು, ಹಗ್ಗ ಬಿಗಿದು ಬಾಗಿಲ ಬಳಿ ಕೂತವು. ಮರುದಿನ ಬೆಳಿಗ್ಗೆ ವ್ಯಾನು ಬರುವುದಿತ್ತು.

ಅಂದು ಸಂಜೆ ದೊರೆಸ್ವಾಮಿಯವರನ್ನು ಮನೆಗೆ ಕರೆದೊಯ್ಯಲು ಬರಬೇಕಿದ್ದ ಹೆಂಡತಿ ಶಾರದ ಅವರ ಸ್ಕೂಟರು ದಾರಿಯಲ್ಲಿ ಪಂಕ್ಚರ್ ಆಯಿತು. ಕೂತು ಬೇಜಾರಾಗಿ ದೊರೆಸ್ವಾಮಿ ಕೈಗೆ ಸಿಕ್ಕ ಕಟ್ಟಿನಿಂದ ಒಂದು ಪುಸ್ತಕ ಎಳೆದುಕೊಂಡು ನಡುವೆ ಎಲ್ಲೋ ಬಿಡಿಸಿದರು. ಮುಂದಿನದ್ದನ್ನು ಅವರ ಬಾಯಲ್ಲೇ ಕೇಳಬೇಕು.

"ಪೈಥಾಗೊರಸ್ ಪ್ರಮೇಯ ಓದ್ತಾ ಇದೀನಿ. ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ವರ್ಗವು ಅಂತ ಇದೆ. ಬೆರಳು ಮುಂದಕ್ಕೆ ಹೋದ್ರೆ, ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕನ್ನಂಬಾಡಿ ಅಣೆಕಟ್ಟೆಯಿಂದ ಮಂಡ್ಯ ಜಿಲ್ಲೆಗೆ ನೀರಾವರಿ ಅಂತ ಬಂತು, ಬೆಳಗಿನ ಪಾಳಿಯ ಸಮಾಜ ವಿಜ್ಞಾನ! ನನಗೆ ಮೊದಲು ನಗು ತಡೆಯಕ್ಕಾಗ್ಲಿಲ್ಲ ಕಣಮ್ಮ. ಗಿರಿಜಾಂಬಾ, ನಿಮ್ಮ ತ್ರಿಭುಜಕ್ಕೆ ನೀರು ನುಗ್ಗಿದೆ ಅಂತ ಕೂಗಿದೆ. ಆಮೇಲೆ ಭಯ ಆಯ್ತು. ಕಟ್ಟಿ ಇಟ್ಟಿರೋ ಅಷ್ಟೂ ಪುಸ್ತಕದಲ್ಲಿ ಇನ್ನೆಷ್ಟು ಕಡೆ ಹೀಗಿದೆಯೋ ಅಂತ."

ಪರೀಕ್ಷೆಗೆ ಉಳಿದಿದ್ದದ್ದು ಎರಡು ವಾರವೂ ಇಲ್ಲ. ಒಂದು ಸಾಲು ಬಿಟ್ಟುಹೋದರೆ ಕಣ್ಣಿದ್ದ ಮಗು ಪಕ್ಕದವಳ ಪುಸ್ತಕ ನೋಡಿಕೊಂಡೀತು. ಈ ಮಕ್ಕಳಿಗೆ ಪಕ್ಕದವಳ ಪುಸ್ತಕವೂ ಅದೇ ಯಂತ್ರದಿಂದ ಬಂದದ್ದು. ಪುಸ್ತಕದಲ್ಲಿದೆ ಅಂದರೆ ಸರಿಯೇ ಇರಬೇಕು, ತಪ್ಪು ತಮ್ಮದೇ ಇರಬೇಕು ಅಂದುಕೊಳ್ಳುವ ವಯಸ್ಸು ಬೇರೆ.

ಫೋನು ಬಂದಾಗ ಸಂಘಮಿತ್ರ ಊಟದ ತಟ್ಟೆ ಮುಂದೆ ಕೂತಿದ್ದರಂತೆ. ಕೈ ತೊಳೆದು ಎದ್ದರು. ಆ ಮುಖ ನೋಡಿ ಚಿಕ್ಕಮಾದಮ್ಮ ಏನಾಯಿತೆಂದು ಕೇಳಿದರು, ಮಗಳು ಚಪ್ಪಲಿ ಮೆಟ್ಟುತ್ತಲೇ ಹೇಳಿದಳು. "ನಂಗೇನ್ ತಿಳಿದದವ್ವ," ಎನ್ನುತ್ತಾರೆ ಚಿಕ್ಕಮಾದಮ್ಮ. "ನಮ್ ಹಾಸ್ಟೆಲ್ನಲ್ಲೂ ಇಂಗೇ ಆಗದು. ಎಂಜಲು ತಟ್ಟೆ ಒಟ್ಟಿಗೆ ತೊಳುದ್ರಾಯ್ತು ಅಂತ ಗುಡ್ಡೆ ಹಾಕಿದ್ರೆ, ಯಾವ್ದೋ ಮಗ ಗೊತ್ತಿಲ್ದಂಗೆ ಅದ್ರಲ್ಲೇ ಬಡುಸ್ಕಂಡ್ಬುಡೋದು. ಅಂಗೇನಾ ಅಂದೆ. ಊ ಕಣವ್ವ ಅಂಗೇ ಅಂದ್ಲು. ಹೋಗು ಮತ್ತೆ, ತೊಳಿ ಹೋಗು ಅಂದೆ."

ಸಂಘಮಿತ್ರ ಈ ಭಾಗವನ್ನು ಮಾತಿಗೆ ಬಣ್ಣ ಹಚ್ಚದೆ ಹೇಳುತ್ತಾರೆ. "ತಪ್ಪು ನಂದೇ ಮೇಡಂ. ಯಂತ್ರ ನಿಂತು ನಿಂತು ಹೋಗ್ತಿತ್ತಲ್ಲ, ಅದ್ಯಾಕೆ ನಿಲ್ತಾ ಇದೆ ಅಂತ ನಾನು ನೋಡ್ಬೇಕಿತ್ತು. ನಿಧಾನ ಅಂತ ಮಾತ್ರ ನೋಡ್ದೆ. ಗಿರಿಜಾಂಬಾ ಮೇಡಂ ಬೈದಿದ್ರೆ ಎಷ್ಟೋ ಸಮಾಧಾನ ಆಗ್ತಿತ್ತು, ಅವ್ರು ಕಾಫಿ ಕೊಟ್ಬುಟ್ರು."

ಕಟ್ಟಳೆಯನ್ನು ಮೊದಲಿನ ಸ್ಥಿತಿಗೆ ತರಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಎಲ್ಲ ಪುಸ್ತಕಗಳನ್ನೂ ಆ ತಡವರಿಸುವ ವೇಗದಲ್ಲಿ ಹೊಸದಾಗಿ ಒತ್ತಲು ಸಮಯವಿರಲಿಲ್ಲ. ಕೆಟ್ಟ ಪುಟಗಳನ್ನಷ್ಟೇ ಒತ್ತಬಹುದು. ಅವು ಯಾವುವು ಎಂದು ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಅದರ ಪ್ರಕಾರ ಎಲ್ಲ ಸರಿಯಾಗೇ ನಡೆದಿತ್ತು. ಹುಡುಕಬಲ್ಲದ್ದು ಬೆರಳೊಂದೇ. ದೊರೆಸ್ವಾಮಿ ಒಬ್ಬರ ಬೆರಳಿಗೆ ಅಷ್ಟು ಪುಸ್ತಕ ತಿಂಗಳ ಕೆಲಸ.

ಆಗ ದೊರೆಸ್ವಾಮಿ ಫೋನು ಹಿಡಿದರು. ಅವರು ಪಾಠ ಹೇಳಿದ ಮಕ್ಕಳು ಈಗ ಊರಿಡೀ ಇದ್ದಾರೆ. ಒಬ್ಬ ರೈಲ್ವೆಯಲ್ಲಿ ಅನೌನ್ಸ್ ಮಾಡುವವನು, ಒಬ್ಬಳು ಸಂಗೀತದ ಟೀಚರು, ಇಬ್ಬರು ಕಚೇರಿಗಳಲ್ಲಿ ಟೆಲಿಫೋನ್ ಆಪರೇಟರುಗಳು, ಒಬ್ಬ ಮಾರ್ಕೆಟ್ಟಿನ ಬಳಿ ಊದಿನಕಡ್ಡಿ ಮಾರುವವನು. "ಬಂದು ಸ್ವಲ್ಪ ಲೆಕ್ಕ ಓದಿ ಹೋಗ್ರಯ್ಯ" ಎಂದರಂತೆ. ಶನಿವಾರ ಬೆಳಿಗ್ಗೆ ದಟ್ಟಗಳ್ಳಿಯ ಆ ಮನೆ ಮುಂದೆ ಆಟೋಗಳು ಸಾಲಾಗಿ ನಿಂತವು. ಹಾಲಿನಲ್ಲಿ ಜಮಖಾನ ಹಾಸಿ ಎಲ್ಲರೂ ಗೋಡೆಗೊರಗಿ ಕೂತರು. ತೊಡೆಯ ಮೇಲೊಂದು ಪುಸ್ತಕ, ಎರಡೂ ಕೈ ಹಾಳೆ ಮೇಲೆ. ಬೆರಳು ಕಾಗದ ಸವರುವ ಸಣ್ಣ ಸದ್ದಷ್ಟೇ. ಆಗೊಮ್ಮೆ ಈಗೊಮ್ಮೆ ಯಾರೋ "ಇಲ್ಲೊಂದು ಪಂಚಾಯ್ತಿ ರಾಜ್ ಸಿಕ್ತು ಸಾರ್" ಎನ್ನುವರು, ಹಾಲೆಲ್ಲ ನಗುವುದು, ಗಿರಿಜಾಂಬಾ ಆ ಹಾಳೆಗೆ ಚೀಟಿ ಸಿಕ್ಕಿಸುವರು.

ಮರುದಿನ ಭಾನುವಾರವೂ ಅಷ್ಟೇ ಜನ. ಚಿಕ್ಕಮಾದಮ್ಮ ಹಾಸ್ಟೆಲ್ಲಿನ ಹಳೆ ಲೆಕ್ಕದಲ್ಲಿ ಅಡುಗೆ ಮಾಡಿ ಇಡೀ ದಟ್ಟಗಳ್ಳಿಗೆ ಸಾಕಾಗುವಷ್ಟು ಬಿಸಿಬೇಳೆಬಾತು ಹೊತ್ತು ತಂದರು. ಒಳಕೋಣೆಯಲ್ಲಿ ಸಂಘಮಿತ್ರ ಒಂದೊಂದೇ ಪುಟವನ್ನು ತಡವರಿಸುವ ಯಂತ್ರದಲ್ಲಿ ಹೊಸದಾಗಿ ಒತ್ತುತ್ತಿದ್ದರು. ಒತ್ತಿದ ಪುಟ ಹಾಲಿಗೆ ಬಂದು, ಒಂದು ಬೆರಳು ಅದರ ಮೇಲೆ ಹಾದು "ಸರಿಯಿದೆ" ಎಂದ ಮೇಲೆಯೇ ಪುಸ್ತಕಕ್ಕೆ ಸೇರುತ್ತಿತ್ತು. ಆ ಎರಡು ದಿನ ಅಲ್ಲಿ ಯಾರೂ ಯಾರನ್ನೂ ಯಾಕೆ ಹೀಗಾಯಿತೆಂದು ಕೇಳಲಿಲ್ಲವಂತೆ.

"ಆ ಸಂಗೀತದ ಮೇಡಂ ಹೋಗೋವಾಗ ನನ್ ಕೈ ಹಿಡ್ಕೊಂಡು, ನಾವು ಓದೋವಾಗ ಇಂಥ ಪುಸ್ತಕ ಇರ್ಲಿಲ್ಲ ಕಣಮ್ಮ, ಥ್ಯಾಂಕ್ಸ್ ಅಂದ್ರು. ನನಗೆ ಥ್ಯಾಂಕ್ಸು! ಕೆಡಿಸಿದ್ದು ನಾನು, ಸರಿ ಮಾಡಿದ್ದು ಅವ್ರ ಬೆರಳು," ಎನ್ನುತ್ತಾರೆ.

ಪುಸ್ತಕಗಳು ಸೋಮವಾರ ವ್ಯಾನು ಹತ್ತಿದವು. ಪ್ರೀತಿಯ ಕೈಗೆ ಅವಳ ಪ್ರತಿಯನ್ನು ಗಿರಿಜಾಂಬಾ ಖುದ್ದಾಗಿ ಹಾಸ್ಟೆಲ್ಲಿಗೆ ಹೋಗಿ ಕೊಟ್ಟುಬಂದರು.

ಅದಾದ ಮೇಲೆ ಸಂಘಮಿತ್ರ ಎರಡು ಕೆಲಸ ಮಾಡಿದ್ದಾರೆ. ಆ ಮುಕ್ತ ತಂತ್ರಾಂಶದ ಕೈಪಿಡಿಯಲ್ಲಿ, ಹಳೆ ಸಾಧನಗಳನ್ನು ಬಳಸುವವರು ಈ ಕಟ್ಟಳೆಯನ್ನು ಸಡಿಲಿಸಬೇಡಿ, ಯಂತ್ರ ತಡವರಿಸಿದರೆ ಮೊದಲು ಯಾಕೆಂದು ನೋಡಿ ಎಂದು ಒಂದು ಎಚ್ಚರಿಕೆಯ ಮಾತು ಸೇರಿಸಿದ್ದಾರೆ. ಜಗತ್ತಿನ ಯಾವ ಮೂಲೆಯ ಯಾವ ಆಸ್ಪತ್ರೆಯಲ್ಲೋ ಪ್ರೆಸ್ಸಿನಲ್ಲೋ ಯಾರೋ ಅದನ್ನು ಓದಿ ಒಂದು ತಪ್ಪಿನಿಂದ ಪಾರಾಗುತ್ತಾರೆ. ಅವರಿಗೆ ಮೈಸೂರು ಗೊತ್ತಿರುವುದಿಲ್ಲ, ದಟ್ಟಗಳ್ಳಿಯಂತೂ ಗೊತ್ತೇ ಇರುವುದಿಲ್ಲ. ನಮ್ಮ ದಿನಗಳು ಇಷ್ಟರಮಟ್ಟಿಗೆ ಸಲೀಸಾಗಿ ಸಾಗುತ್ತಿರುವುದು ಇಂಥ ಹೆಸರಿಲ್ಲದ ಉಪಕಾರಗಳಿಂದ, ಅದಕ್ಕೊಮ್ಮೆ ಕೃತಜ್ಞತೆ ಹೇಳೋಣ ಎಂದೇ ನಾನು ಇದನ್ನು ಬರೆಯುತ್ತಿದ್ದೇನೆ.

ಎರಡನೆಯದು, ಭಾನುವಾರಗಳಂದು ದೊರೆಸ್ವಾಮಿಯವರ ಹತ್ತಿರ ಬ್ರೈಲ್ ಕಲಿಯುತ್ತಿದ್ದಾರೆ. ಒಂದು ದಿನ ನಾನೂ ಹೋಗಿ ಕೂತಿದ್ದೆ. ಸಂಘಮಿತ್ರ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ತೋರುಬೆರಳನ್ನು ಸಾಲಿನ ಮೇಲೆ ಸರಿಸುತ್ತಾ "ಕ... ಕಾ... ಕಾಗೆ" ಎನ್ನುತ್ತಿದ್ದರು.

"ಬೆರಳು ಒತ್ತಬೇಡಮ್ಮಾ, ಕಾಗೆ ಸತ್ತುಹೋಗತ್ತೆ," ಎಂದರು ಮೇಷ್ಟ್ರು.

"ಚುಕ್ಕಿ ಸಿಕ್ತಿಲ್ಲ ಸಾರ್."

"ಸಿಗತ್ತೆ. ನೀನೀಗ ಕಣ್ಣು ಬಿಟ್ಟು ಕದ್ದು ನೋಡಿದೆ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಸಿಕ್ಕಿಬಿದ್ದ ಸಂಘಮಿತ್ರ ನಕ್ಕು ಮತ್ತೆ ಕಣ್ಣು ಮುಚ್ಚಿದರು.

ಬೋಗಾದಿಯ ಮನೆಯಿಂದ ಹೊರಡುವ ಮುಂಚೆ ನಾನು ವಾಡಿಕೆಯ ಪ್ರಶ್ನೆ ಕೇಳಿದೆ. ಇಷ್ಟೆಲ್ಲ ಮಾಡಿದಿರಿ, ನಿಮಗೆ ತೃಪ್ತಿ ಕೊಟ್ಟದ್ದು ಯಾವುದು? ಸಂಘಮಿತ್ರ ಹೇಳಿದ್ದು ಪ್ರೀತಿಯ ವಿಷಯ. ಲೆಕ್ಕದ ಪರೀಕ್ಷೆ ಮುಗಿದ ಮಧ್ಯಾಹ್ನ ಆ ಹುಡುಗಿ ನೇರ ಕೇಂದ್ರಕ್ಕೇ ಬಂದಳಂತೆ. ಮಕ್ಕಳಿಗೆ ಈ ಶನಿವಾರ, ಭಾನುವಾರದ ರಾದ್ಧಾಂತವನ್ನು ಯಾರೂ ಹೇಳಿರಲಿಲ್ಲ, ಸಂಘಮಿತ್ರ ಯಾರೆಂದೂ ಅವಳಿಗೆ ಗೊತ್ತಿರಲಿಲ್ಲ. ಅಂದು ಕೇಂದ್ರದಲ್ಲೇ ಇದ್ದ ಸಂಘಮಿತ್ರ ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು ಗಿರಿಜಾಂಬಾ ಅವರ ಮುಂದೆ ದೂರುಗಳ ಮೂಟೆ ಬಿಚ್ಚಿದಳು.

"ತ್ರಿಕೋನಮಿತಿ ಕೊಟ್ಟೋರ್ಗೆ ಕರುಣೆನೇ ಇಲ್ಲ ಮಿಸ್ ಅಂದ್ಲು. ಆ ಗೋಪುರದ ಲೆಕ್ಕ ಅರ್ಧಕ್ಕೇ ಬಿಟ್ಬುಟ್ಟೆ ಅಂದ್ಲು. ಪೈಥಾಗೊರಸ್ ಮಾತ್ರ ಪೂರ್ತಿ ಬರ್ದೆ, ಅದು ಬಾಯಿಪಾಠ ಆಗ್ಬುಟ್ಟಿತ್ತು ಅಂದ್ಲು. ತನ್ ಬದ್ಲು ಉತ್ತರ ಬರೆಯೋಕೆ ಬಂದಿದ್ದ ಅಕ್ಕ ನಿಧಾನ ಅಂದ್ಲು, ಸೆಕೆ ಅಂದ್ಲು, ನೀರು ಬಿಸಿಯಾಗಿತ್ತು ಅಂದ್ಲು. ಅರ್ಧ ಗಂಟೆ ಒಂದೊಂದನ್ನೇ ಹಿಡಿದು ಬೈದ್ಲು. ನಾನು ಪಕ್ಕದಲ್ಲೇ ಕೂತು, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಉಸಿರು ಬಿಗಿ ಹಿಡ್ಕೊಂಡು ಕಾಯ್ತಾ ಇದ್ದೆ."

ಸಂಘಮಿತ್ರ ಟವೆಲ್ಲಿನ ತುದಿಯಿಂದ ಮುಖ ಒರೆಸಿಕೊಂಡು ನಕ್ಕರು.

"ಪುಸ್ತಕದ ಬಗ್ಗೆ ಒಂದೇ ಒಂದು ಮಾತು ಹೇಳ್ಲಿಲ್ಲ ಮೇಡಂ."